ಕನಸಿನಲ್ಲಿ ಕೇಳಿದ ಪಿಟೀಲು

ಕಳೆದ ತಿಂಗಳು ಒಂದು ಸಂಜೆ ನನ್ನ ಮೊಮ್ಮಗಳು ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, "ತಾತ, ಇನ್ಮೇಲೆ ನಾನು ನುಡಿಸೋದಿಲ್ಲ" ಎಂದಳು. ಯಾಕಮ್ಮಾ ಎಂದೆ. "ತಲೆಯೊಳಗೆ ಎಷ್ಟು ಚೆನ್ನಾಗಿ ಕೇಳಿಸುತ್ತೆ, ಕೈಯಲ್ಲಿ ಬರೋದೇ ಇಲ್ಲ" ಎಂದು ಅತ್ತೇಬಿಟ್ಟಳು.

ಅವಳು ಕಲಿಯುತ್ತಿರುವುದು ಪಾಶ್ಚಾತ್ಯ ಶೈಲಿ. ನನಗೆ ನುಡಿಸಲು ಬಾರದು, ಕೇಳುವ ಹುಚ್ಚು ಮಾತ್ರ ಇದೆ. ಬುದ್ಧಿ ಹೇಳುವುದು ಬೇಡವೆನಿಸಿ, ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸೊನಾಟಾ ಕೇಳಿಸಿದೆ. ಅದರ ಹೆಸರು 'ಡೆವಿಲ್ಸ್ ಟ್ರಿಲ್'. ಹೆಸರಿನಲ್ಲಿ ಸೈತಾನನಿದ್ದಾನೆಂದು ಮಕ್ಕಳು ಹೆದರಬೇಕಾಗಿಲ್ಲ!

ಇದನ್ನು ರಚಿಸಿದವನು ಜುಸೆಪ್ಪೆ ತಾರ್ತೀನಿ. 1692ರಲ್ಲಿ ಪಿರಾನ್ ಎಂಬ ಕಡಲತೀರದ ಊರಿನಲ್ಲಿ ಹುಟ್ಟಿದ. ಇಟಲಿಯ ಪಡುವಾದಲ್ಲಿ ಬಹುಕಾಲ ಬಾಳಿ 1770ರಲ್ಲಿ ತೀರಿಕೊಂಡ. ಮುಪ್ಪಿನಲ್ಲಿ ಅವನು ಲಲಾಂದ್ ಎಂಬ ಫ್ರೆಂಚ್ ಖಗೋಳ ವಿಜ್ಞಾನಿಗೆ ಒಂದು ಕಥೆ ಹೇಳಿದ್ದ. ಒಂದು ರಾತ್ರಿ ಕನಸಿನಲ್ಲಿ ಸೈತಾನ ಅವನ ಸೇವಕನಾಗಿದ್ದನಂತೆ. ನೋಡೋಣವೆಂದು ತಾರ್ತೀನಿ ತನ್ನ ಪಿಟೀಲು ಕೊಟ್ಟರೆ, ಸೈತಾನ ಉಸಿರು ಕಟ್ಟುವಷ್ಟು ಸೊಗಸಾಗಿ ನುಡಿಸಿದನಂತೆ. ಎಚ್ಚರವಾದೊಡನೆ ತಾರ್ತೀನಿ ಪಿಟೀಲು ಹಿಡಿದ. ಕೇಳಿದ್ದು ಕೈಗೆ ಬರಲಿಲ್ಲ. ನೆನಪಿನ ಬಲದಿಂದ ಬರೆದದ್ದೇ ಈ ಸೊನಾಟಾ. ತನ್ನ ರಚನೆಗಳಲ್ಲೆಲ್ಲ ಇದೇ ಉತ್ತಮವೆಂದು ಅವನೇ ಹೇಳಿದ. ಆದರೆ ಕನಸಿನಲ್ಲಿ ಕೇಳಿದ್ದರ ಮುಂದೆ ಇದು ಏನೇನೂ ಅಲ್ಲ, ಪಿಟೀಲು ಒಡೆದುಹಾಕಿ ಸಂಗೀತವನ್ನೇ ಬಿಡಬೇಕೆನಿಸಿತ್ತು ಎಂದೂ ಹೇಳಿದ.

ಸೊನಾಟಾದ ಮೊದಲ ಭಾಗ ನಿಧಾನ. ತೊಟ್ಟಿಲು ತೂಗಿದಂತಹ ಲಯ, ಅದರೊಳಗೆ ಏನೋ ಒಂದು ಕೊರಗು. ಎರಡನೆಯದು ಚುರುಕಿನ ನಡೆ. ಕೊನೆಯ ಭಾಗದಲ್ಲಿ ಅಳಲೂ ಓಟವೂ ಒಂದರ ಬೆನ್ನಿಗೊಂದು ಬರುತ್ತವೆ. ಹೆಸರಿನಲ್ಲಿರುವ ಟ್ರಿಲ್ ಬರುವುದು ಇಲ್ಲಿಯೇ. ಟ್ರಿಲ್ ಎಂದರೆ ಅಕ್ಕಪಕ್ಕದ ಎರಡು ಸ್ವರಗಳನ್ನು ಬಿಡದೆ, ಅತಿ ವೇಗವಾಗಿ ಅದಲುಬದಲು ನುಡಿಸುವುದು. ಒಂದು ತಂತಿಯ ಮೇಲೆ ಒಂದು ಬೆರಳು ಗುಬ್ಬಿಯ ರೆಕ್ಕೆಯಂತೆ ಬಡಿಯುತ್ತಲೇ ಇರಬೇಕು. ಪಕ್ಕದ ತಂತಿಯ ಮೇಲೆ ಉಳಿದ ಬೆರಳುಗಳು ಬೇರೆಯೇ ರಾಗ ನುಡಿಸಬೇಕು. ಎರಡಕ್ಕೂ ಕಮಾನು ಒಂದೇ. ಕಣ್ಣು ಮುಚ್ಚಿ ಕೇಳಿದರೆ ಇಬ್ಬರು ನುಡಿಸುತ್ತಿದ್ದಾರೆ ಅನ್ನಿಸುತ್ತದೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ, ದಿನದ ಲೆಕ್ಕ ತಾಳೆಯಾಗದೆ ನಾವು ಮನೆಗೆ ಹೊರಡುವಂತಿರಲಿಲ್ಲ. ತಾರ್ತೀನಿಯ ಈ ಲೆಕ್ಕ ಮುಪ್ಪಿನವರೆಗೂ ತಾಳೆಯಾಗಲಿಲ್ಲ. ಆದರೂ ಅವನು ಪಿಟೀಲು ಒಡೆಯಲಿಲ್ಲ. ಪಡುವಾದಲ್ಲಿ ಪಿಟೀಲಿನ ಶಾಲೆ ತೆರೆದು, ಯೂರೋಪಿನ ನಾನಾ ಕಡೆಗಳಿಂದ ಬಂದವರಿಗೆ ಕಲಿಸಿದ.

ಎಲ್ಲ ಕೇಳಿದ ಮೇಲೆ ಮೊಮ್ಮಗಳು, "ತಾತ, ಆ ಕನಸಿಂದು ಬೇರೆ ಯಾರೂ ಕೇಳಲೇ ಇಲ್ವಲ್ಲಾ?" ಎಂದಳು.

"ಇಲ್ಲ ಕಣಮ್ಮ. ನಮಗೆ ಸಿಕ್ಕಿದ್ದು ಅವನ ಕೈಗೆ ಬಂದಷ್ಟೇ."

ಅವಳು ಏನೂ ಮಾತಾಡಲಿಲ್ಲ. ಅಂದು ಪೆಟ್ಟಿಗೆ ತೆರೆಯಲೂ ಇಲ್ಲ. ಮಾರನೆಯ ಸಂಜೆ ಒಳಕೋಣೆಯಿಂದ ಕಮಾನಿನ ಕಿರ್ರ್ ಸದ್ದು ಬಂತು. ಅದೇ ಪಾಠ, ಅದೇ ತಪ್ಪು, ಮತ್ತೆ ಮೊದಲಿನಿಂದ. ನಾನು ಮೆಲ್ಲಗೆ ಎದ್ದು ಟಿ.ವಿ. ಆರಿಸಿ ಕೂತೆ.