ದೊಡ್ಡ ಟರ್ಬೊ, ಸಣ್ಣ ಜೇಬು

ಸಕಲೇಶಪುರದ ಚಿಕ್ಕಪ್ಪನ ಮಗ ಹಳೆಯ ಸ್ಕೋಡಾ ಆಕ್ಟೇವಿಯಾ 1.8 ಟಿಎಸ್‌ಐ ಕೊಂಡಿದ್ದಾನೆ. ಅದಕ್ಕೆ ದೊಡ್ಡ ಟರ್ಬೊ ಹಾಕಿಸುವ ಆಸೆ. ಕೂಡಿಟ್ಟಿರುವುದು ಒಂದೂವರೆ ಲಕ್ಷ. 'ನೀನು ಓದೋನಲ್ವಾ, ಯಾವುದು ಅಂತ ಓದಿ ಹೇಳೋ' ಎಂದ. ನನ್ನ ಪಿಎಚ್‌ಡಿ ಹಳಗನ್ನಡದಲ್ಲಿ. ಆದರೂ ಓದಿದೆ.

ಇಂಜಿನ್ ಹೊರಗೆ ಉಗುಳುವ ಬಿಸಿ ಹೊಗೆಯೇ ಟರ್ಬೈನನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಸ್ವಿಸ್ ಇಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದ್ದ. ಫೆಲೋಶಿಪ್ಪಿನಲ್ಲಿ ತಿಂಗಳು ದೂಡುವ ನನಗೆ, ಪೋಲಾಗುವುದನ್ನು ದುಡಿಸುವ ಈ ಉಪಾಯ ಹಿಡಿಸಿತು.

ಅಣ್ಣನ ಕಾರಿನಲ್ಲಿರುವುದು ಐಎಸ್12 ಎಂಬ ಸಣ್ಣ ಟರ್ಬೊ. ಅದೇ ಕಾಲದ ಗಾಲ್ಫ್ ಜಿಟಿಐಯದು ಐಎಸ್20, ಗಾಲ್ಫ್ ಆರ್‌ನದು ಐಎಸ್38. ಅವನ ಕಣ್ಣು ಕೊನೆಯದರ ಮೇಲೆ. ಆದರೆ ಚಕ್ರ ದೊಡ್ಡದಾದಷ್ಟೂ ವೇಗ ಹಿಡಿಯುವುದು ತಡ. ಶಿರಾಡಿ ಘಾಟಿಯ ತಿರುವಿನಲ್ಲಿ ಬೇಕಾಗುವುದು ತಕ್ಷಣದ ಎಳೆತ.

ನಿಜವಾದ ಗಂಟು ಗೇರ್‌ಬಾಕ್ಸಿನಲ್ಲಿದೆ. ಈ ಕಾರಿನ 7 ಗೇರಿನ ಡ್ರೈ ಕ್ಲಚ್ ಡಿಎಸ್‌ಜಿಯ ಮಿತಿ 250 ನ್ಯೂಟನ್ ಮೀಟರ್. ಕಂಪನಿಯ ಇಂಜಿನ್ ಈಗಾಗಲೇ ಅಷ್ಟನ್ನೂ ಕೊಡುತ್ತಿದೆ. ಐಎಸ್20 ಹಾಕಿದರೂ ಟ್ಯೂನಿಂಗ್, ಇಂಟರ್‌ಕೂಲರ್, ಗಟ್ಟಿ ಕ್ಲಚ್ ಎಲ್ಲ ಬೆನ್ನಿಗೇ ಬರುತ್ತವೆ. ಟರ್ಬೊದ ಬೆಲೆ ಮೊದಲ ಕಂತು ಮಾತ್ರ.

ಚಿಕ್ಕಮ್ಮನನ್ನು ತಪಾಸಣೆಗೆ ಮಂಗಳೂರಿಗೆ ಕರೆದೊಯ್ಯುವುದೂ ಇದೇ ಕಾರು. ಘಾಟಿಯ ನಡುವೆ ಕ್ಲಚ್ ಕೈಕೊಟ್ಟರೆ ಹಾರ್ಸ್‌ಪವರ್ ಯಾರಿಗೆ?

'ಹಾಗಾದ್ರೆ ಬೇಡ ಅಂತೀಯಾ?' ಎಂದ.

'ಈ ವರ್ಷ ಬ್ರೇಕು, ಟೈರು, ಗೇರ್‌ಬಾಕ್ಸ್ ಸರ್ವಿಸ್ ಮಾಡಿಸಣ್ಣ. ಕ್ಲಚ್ಚಿನ ದುಡ್ಡೂ ಕೂಡಿದ ಮೇಲೆ ಐಎಸ್20 ಹಾಕಿಸು.'

ಸ್ವಲ್ಪ ಹೊತ್ತು ಸುಮ್ಮನಿದ್ದು, 'ಟೈರ್ ಯಾವುದು ಒಳ್ಳೇದು?' ಎಂದ.