ಪ್ರಶ್ನೆಯಲ್ಲದ ಪ್ರಶ್ನೆ

ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ 12 ವರ್ಷದ ಹುಡುಗನೊಬ್ಬನು ಅಲ್ಲಿಯ ಬೇಸಗೆಯ ರಜೆಯಲ್ಲಿ, ಅಂದರೆ ಇಲ್ಲಿಯ ಶ್ರಾವಣದ ಮಳೆಯಲ್ಲಿ, ತಾಯಿಯೊಡನೆ ಮಲೆನಾಡಿನ ಅಜ್ಜಿಯ ಮನೆಗೆ ಬಂದಿದ್ದನು. ಕನ್ನಡವನ್ನು ತಾಯಿಯಿಂದ ಕಲಿತವನೇ. ಆದರೆ ಆಲೋಚನೆಯೆಲ್ಲ ಇಂಗ್ಲಿಷಿನಲ್ಲಿ ನಡೆದು, ಬಾಯಿಗೆ ಬರುವಾಗ ಮಾತ್ರ ಕನ್ನಡದ ಉಡುಪನ್ನು ತೊಡುತ್ತಿತ್ತು. ಮಧ್ಯಾಹ್ನದ ಊಟದಲ್ಲಿ ಅಜ್ಜಿಯು ಮೊಣಕಾಲಿನ ನೋವನ್ನು ನುಂಗಿಕೊಂಡು ಅಡಿಗೆಮನೆಗೂ ಪಂಕ್ತಿಗೂ ಓಡಾಡುತ್ತಿರುವುದನ್ನು ಕಂಡು ಅವನ ಮನಸ್ಸು ಕರಗಿತು.

“ಅಜ್ಜಿ, ನೀನು ಯಾಕೆ ಕೂತುಕೊಳ್ಳುವುದಿಲ್ಲ?” ಎಂದನು.

ಅಜ್ಜಿಯ ಕೈಯ ಸೌಟು ಅಲ್ಲಿಯೇ ನಿಂತಿತು. “ನಾನು ಕೂತರೆ ಬಡಿಸುವವರು ಯಾರಪ್ಪ?” ಎಂದು ಒಳಗೆ ಹೋದವಳು ಮಜ್ಜಿಗೆಯನ್ನು ಮಗಳ ಕೈಯಲ್ಲಿ ಕಳುಹಿಸಿದಳು. ತಾನು ಮಾಡಿದ ತಪ್ಪೇನೆಂದು ತಿಳಿಯದೆ ಹುಡುಗನು ಎಲೆಯನ್ನೇ ನೋಡುತ್ತ ಕುಳಿತನು. ಸಂಜೆಯವರೆಗೆ ಅವನ ಬಾಯಿಂದ ಕನ್ನಡದ ಒಂದು ಮಾತೂ ಹೊರಡಲಿಲ್ಲ.

ಅವನ ಮನಸ್ಸಿನಲ್ಲಿದ್ದುದು ‘ವೈ ಡೋಂಟ್ ಯು ಸಿಟ್ ಡೌನ್’ ಎಂಬ ವಾಕ್ಯ. ರೂಪದಲ್ಲಿ ಇದು ಕಾರಣವನ್ನು ಕೇಳುವ ಪ್ರಶ್ನೆ. ರೂಢಿಯಲ್ಲಿ ಸ್ನೇಹದ ಸಲಹೆ. ಇಂಗ್ಲಿಷರಲ್ಲಿ ಯಾರೂ ಇದಕ್ಕೆ ಕಾರಣವನ್ನು ಹುಡುಕುತ್ತ ನಿಲ್ಲುವುದಿಲ್ಲ. ಉಪಕಾರವಾಯಿತೆಂದು ಕುರ್ಚಿಯನ್ನು ಎಳೆದುಕೊಳ್ಳುವರು. ಇದಕ್ಕೆ ವ್ಯಾಕರಣದ ಸಾಕ್ಷ್ಯವೂ ಉಂಟು. ‘ವೈ ಆರಂಟ್ ಯು ಕ್ವಯಟ್’ ಎಂದರೆ ಸುಮ್ಮನಿರದಿರುವುದಕ್ಕೆ ಕಾರಣವನ್ನು ವಿಚಾರಿಸಿದಂತೆ. ‘ವೈ ಡೋಂಟ್ ಯು ಬಿ ಕ್ವಯಟ್’ ಎಂದರೆ ಸುಮ್ಮನಿರೆಂದು ಹೇಳಿದಂತೆ. ‘ಡೋಂಟ್’ ಹೋಗಿ ಭೂತಕಾಲದ ‘ಡಿಡಂಟ್’ ಬಂದಿತೋ, ಸಲಹೆಯು ಅಳಿದು ಆಕ್ಷೇಪಣೆಯೇ ಉಳಿಯುವುದು. ಇಷ್ಟು ಸೂಕ್ಷ್ಮವಾದ ನಯವು ಶಬ್ದಶಃ ಭಾಷಾಂತರದಲ್ಲಿ ಉಳಿಯುವುದೆಂತು?

ನಿಷೇಧದ ಪ್ರಶ್ನೆಯಿಂದ ಸಲಹೆ ಹೇಳುವ ಕ್ರಮವು ಕನ್ನಡಕ್ಕೆ ಅಪರಿಚಿತವಲ್ಲ. ‘ಸ್ವಲ್ಪ ಕೂತುಕೊಳ್ಳಬಾರದೆ?’ ಎಂದು ಮನೆಮನೆಯಲ್ಲಿಯೂ ಹೇಳುವರು. ‘ಬಾರದು’ ಎಂಬ ಕಠಿಣವಾದ ನಿಷೇಧವು ಕೊನೆಯ ಒಂದು ಎಕಾರದಿಂದ ಕಳಕಳಿಯಾಗಿ ಮಾರ್ಪಡುವುದು ವಿಸ್ಮಯವೇ ಸರಿ. ‘ಯಾಕೆ ಕೂತುಕೊಳ್ಳುವುದಿಲ್ಲ’ ಎಂಬಲ್ಲಿಯಾದರೋ, ಕೇಳಿದವರು ಲೆಕ್ಕ ಒಪ್ಪಿಸಬೇಕು. ಬಾಳೆಲ್ಲ ನಿಂತುಕೊಂಡೇ ಬಡಿಸಿದ ಮುದುಕಿಗೆ ಆ ಲೆಕ್ಕವು ಹಗುರವಾದುದಲ್ಲ.

ಪಾಣಿನಿಯು ಅಷ್ಟಾಧ್ಯಾಯಿಯ 3.3.161ನೆಯ ಸೂತ್ರದಲ್ಲಿ ಲಿಙ್ ಪ್ರತ್ಯಯಕ್ಕೆ ಹೇಳಿರುವ 6 ಅರ್ಥಗಳಲ್ಲಿ ನಿಮಂತ್ರಣ, ಆಮಂತ್ರಣಗಳೆರಡೂ ಬರುತ್ತವೆ. ತಪ್ಪಿಸಿಕೊಳ್ಳಲಾಗದ ಕರೆಯು ನಿಮಂತ್ರಣ. ಕೇಳುವವನ ಇಚ್ಛೆಗೆ ಬಿಟ್ಟುದು ಆಮಂತ್ರಣವೆಂದು ವ್ಯಾಖ್ಯಾನಕಾರರು ವಿಂಗಡಿಸಿದ್ದಾರೆ. (ಲಗ್ನಪತ್ರಿಕೆ ಅಚ್ಚು ಹಾಕಿಸುವವರು ಈ ಭೇದವನ್ನು ಲಕ್ಷಿಸುವುದಿಲ್ಲವೆಂಬುದು ಬೇರೆಯ ಮಾತು.) ‘ಬಾರದೆ’ ಎಂಬುದೂ ‘ವೈ ಡೋಂಟ್ ಯು’ ಎಂಬುದೂ ಆಮಂತ್ರಣದ ಕಡೆಯವು. ಹುಡುಗನು ಆಮಂತ್ರಣವನ್ನೇ ಮಾಡಿದ್ದನು; ಅಜ್ಜಿಯ ಕಿವಿಗೆ ಬಿದ್ದುದು ವಿಚಾರಣೆ.

ರಾತ್ರಿ ಮಗಳು ತಾಯಿಗೆ ಆ ಇಂಗ್ಲಿಷ್ ರೂಢಿಯನ್ನು ಬಿಡಿಸಿ ಹೇಳಿ, ಮಗನಿಗೆ ‘ಬಾರದೆ’ ಎಂಬುದನ್ನು ಕಲಿಸಿದಳು. ಮರುದಿನ ಎಲೆ ಹಾಕಿದಾಗ ಹುಡುಗನು ಅಂಜುತ್ತಂಜುತ್ತ, “ಅಜ್ಜಿ, ಸ್ವಲ್ಪ ಕೂತುಕೊಳ್ಳಬಾರದೆ?” ಎಂದನು.

“ಕೂತುಕೊಳ್ಳುತ್ತೇನೆ ಮಗು, ಮೊದಲು ನಿನ್ನ ಎಲೆಗೆ ತುಪ್ಪ ಬೀಳಲಿ” ಎಂದಳು ಅಜ್ಜಿ.