ಹೆಬ್ಬೆರಳಿನ ಪಾಠ

"ಈ ವಯಸ್ಸಿನಲ್ಲಿ ಗಿಟಾರೇ?" ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ವೀಣೆ ಎಂದಿದ್ದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಮದುವೆಗೆ ಮುಂಚೆ ಐದಾರು ವರ್ಷ ವೀಣೆ ನುಡಿಸಿದವಳೇ ನಾನು. ಆಮೇಲೆ ಅದು ಬಟ್ಟೆ ಹೊದ್ದು ಮೂಲೆ ಸೇರಿತು. ಈಗ ಮಗ ಮನೆಯಲ್ಲೇ ಬಿಟ್ಟುಹೋದ ಗಿಟಾರ್ ಕೈಗೆ ಬಂದಿದೆ. ಅದರಲ್ಲಿ ಕಲಿಯುತ್ತಿರುವುದು ಸಿನಿಮಾ ಹಾಡನ್ನಲ್ಲ. ರಾಗ್‌ಟೈಮ್ ಬ್ಲೂಸ್ ಎಂಬ, ಅಮೆರಿಕದ ಕಪ್ಪು ಜನರ ಬೆರಳಾಟವನ್ನು.

ರಾಗ್‌ಟೈಮ್‌ಗೂ ನಮ್ಮ ರಾಗಕ್ಕೂ ನಂಟಿಲ್ಲ. ಇಂಗ್ಲಿಷಿನಲ್ಲಿ ಆ ಪದಕ್ಕೆ ಹರಕು ಬಟ್ಟೆ ಎಂಬ ಅರ್ಥವಿದೆ. ತಾಳವನ್ನು ಹರಿದು ಹಂಚಿದ ಹಾಗೆ ಹಾಡು ಓಡುವುದರಿಂದ ಈ ಹೆಸರು ಬಂತೆನ್ನುತ್ತಾರೆ. ಮೊದಲು ಇದು ಪಿಯಾನೋದ ಸಂಗೀತ. ಸ್ಕಾಟ್ ಜಾಪ್ಲಿನ್‌ನ 'ಮೇಪಲ್ ಲೀಫ್ ರಾಗ್' ಅಚ್ಚಾದದ್ದು 1899ರಲ್ಲಿ. ಅದರಲ್ಲಿ ಎಡಗೈ ಗಡಿಯಾರದಂತೆ ಲಯ ಹಿಡಿದಿರುತ್ತದೆ, ಬಲಗೈ ಪೆಟ್ಟುಗಳ ಸಂದಿಯಲ್ಲಿ ನುಸುಳಿ ಹಾಡುತ್ತದೆ. ಪಿಯಾನೋ ಕೊಳ್ಳಲು ಯೋಗ್ಯತೆ ಇಲ್ಲದ ಬಡವರೂ ಈ ಎರಡು ಕೈಯ ಕೆಲಸವನ್ನು ಗಿಟಾರಿನ ಮೇಲೆ ಒಂದೇ ಕೈಗೆ ಒಪ್ಪಿಸಿಬಿಟ್ಟರು. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಲಯ ಹಿಡಿಯಬೇಕು. ತೋರುಬೆರಳು, ನಡುಬೆರಳು ತೆಳು ತಂತಿಗಳ ಮೇಲೆ ಹಾಡಬೇಕು. 1926ರಿಂದ ರೆಕಾರ್ಡ್ ಕೊಡತೊಡಗಿದ ಬ್ಲೈಂಡ್ ಬ್ಲೇಕ್ ಇದರಲ್ಲಿ ಅಸಾಧ್ಯ ಗಟ್ಟಿಗ. ಮತ್ತೊಬ್ಬ ಅಂಧ ಕಲಾವಿದ ಗ್ಯಾರಿ ಡೇವಿಸ್ ಹೆಬ್ಬೆರಳು, ತೋರುಬೆರಳು ಎರಡರಲ್ಲೇ ಇಷ್ಟನ್ನೂ ಮಾಡಿ ತೋರಿಸಿದ.

ಕೇಳಲು ಸುಲಭ, ಕೂತು ನೋಡಿ! ಮೊದಲ ಎರಡು ವಾರ ಹೆಬ್ಬೆರಳಿಗಷ್ಟೇ ಕೆಲಸ. ಐದನೇ ತಂತಿ, ನಾಲ್ಕನೇ ತಂತಿ. ಮತ್ತೆ ಐದು, ನಾಲ್ಕು. ಅಂಗೈಯ ಅಂಚನ್ನು ತಂತಿಗಳ ಬುಡಕ್ಕೆ ತಾಗಿಸಿದರೆ ನಾದ ಮೊಟಕಾಗಿ, ಒನಕೆಯ ಪೆಟ್ಟಿನಂತೆ 'ದುಂ ದುಂ' ಎನ್ನುತ್ತದೆ. ಪಕ್ಕದವರ ಜೊತೆ ಮಾತಾಡುತ್ತಿದ್ದರೂ ಹೆಬ್ಬೆರಳು ನಿಲ್ಲಬಾರದು, ಅಷ್ಟು ರೂಢಿಯಾಗಬೇಕು. ಆಮೇಲೆ ಬೇರೆ ಬೆರಳೊಂದನ್ನು ಹೆಬ್ಬೆರಳಿನ ಜೊತೆಗೇ ಮೀಟುವುದು. ಕಷ್ಟವೆಲ್ಲ ಇರುವುದು ಮೂರನೇ ಮೆಟ್ಟಿಲಲ್ಲಿ: ಆ ಬೆರಳು ಪೆಟ್ಟಿನ ಮೇಲೆ ಬೀಳದೆ, ಎರಡು ಪೆಟ್ಟಿನ ನಡುವೆ ಬೀಳಬೇಕು. ಬೆರಳು ತಪ್ಪಿಸಿಕೊಂಡು ಹೊರಟ ಕೂಡಲೇ ಹೆಬ್ಬೆರಳೂ ಅದರ ಹಿಂದೆ ಓಡುತ್ತದೆ, ತವರಿಗೆ ಹೊರಟ ತಾಯಿಯ ಸೆರಗು ಹಿಡಿದ ಕೂಸಿನ ಹಾಗೆ. ನನಗೆ ಇಲ್ಲಿ ನೆರವಾದದ್ದು ವೀಣೆ. ಅಲ್ಲಿ ತೋರುಬೆರಳು, ನಡುಬೆರಳು ರಾಗ ಮೀಟುತ್ತಿದ್ದರೆ, ಕಿರುಬೆರಳು ತಾಳದ ತಂತಿಗಳನ್ನು ನೋಡಿಕೊಳ್ಳುತ್ತದಲ್ಲ. ಒಂದು ಕೈಗೆ ಎರಡು ಮನಸ್ಸಿರಬಹುದೆಂಬ ನಂಬಿಕೆ ನನಗೆ ಹಳೆಯದು.

ಈ ಬೆರಳಾಟದ ಮೇಲೆ ನನಗೆ ಪ್ರೀತಿ ಹುಟ್ಟಿಸಿದವರು ಎಲಿಜಬೆತ್ ಕಾಟನ್. ಉತ್ತರ ಕೆರೊಲಿನಾದಲ್ಲಿ ಹುಟ್ಟಿದವರು. ಅಣ್ಣ ಕೆಲಸಕ್ಕೆ ಹೋದಾಗ ಅವನ ಬ್ಯಾಂಜೋ ಕದ್ದು ನುಡಿಸಿ ಕಲಿತರು. ಆಮೇಲೆ ಮನೆಗೆಲಸದ ದುಡ್ಡು ಕೂಡಿಟ್ಟು 3.75 ಡಾಲರಿಗೆ ಗಿಟಾರ್ ಕೊಂಡರು. ಎಡಚಿಯಾದ್ದರಿಂದ ತಂತಿ ಬದಲಿಸದೆ ಗಿಟಾರನ್ನೇ ತಲೆಕೆಳಗಾಗಿ ಹಿಡಿದರು. 'ಫ್ರೈಟ್ ಟ್ರೇನ್' ಎಂಬ ಹಾಡು ಕಟ್ಟಿದಾಗ ಆಕೆ ಇನ್ನೂ ಬಾಲಕಿ. ಆಮೇಲೆ ಎಳೆಯ ವಯಸ್ಸಿಗೇ ಮದುವೆ, ಮಗಳು, ಮನೆಗೆಲಸ. ಲೌಕಿಕ ಹಾಡು ಬೇಡವೆಂದು ಚರ್ಚಿನವರ ಬುದ್ಧಿಮಾತು ಬೇರೆ. ಗಿಟಾರ್ ದಶಕಗಳ ಕಾಲ ಕೈಬಿಟ್ಟುಹೋಯಿತು.

ವಾಷಿಂಗ್ಟನ್ನಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ, ದಾರಿ ತಪ್ಪಿದ ಮಗುವೊಂದನ್ನು ಅದರ ತಾಯಿಗೆ ಒಪ್ಪಿಸಿದರು. ಆ ಮಗು ಪೆಗ್ಗಿ ಸೀಗರ್. ತಾಯಿ ಸಂಗೀತ ರಚನೆಗಾರ್ತಿ ರೂತ್ ಕ್ರಾಫರ್ಡ್ ಸೀಗರ್. ಹೀಗೆ ಆ ಮನೆಯ ಕೆಲಸ ಸಿಕ್ಕಿತು. ಗೋಡೆಗೆ ತೂಗುಹಾಕಿದ್ದ ಗಿಟಾರನ್ನು ಬಿಡುವಾದಾಗ ಇಳಿಸಿ ನುಡಿಸುತ್ತಿದ್ದುದು ಮಕ್ಕಳ ಕಿವಿಗೆ ಬಿತ್ತು. ಮಗ ಮೈಕ್ ಸೀಗರ್ ಮಾಡಿದ ಧ್ವನಿಮುದ್ರಣ 1958ರಲ್ಲಿ ರೆಕಾರ್ಡಾಗಿ ಹೊರಬಂತು. ಆಗ ಆಕೆಗೆ 60 ದಾಟಿತ್ತು. ಅಷ್ಟರಲ್ಲಿ 'ಫ್ರೈಟ್ ಟ್ರೇನ್' ಇಂಗ್ಲೆಂಡಿನಲ್ಲಿ ಬೇರೆಯವರ ಹೆಸರಿನಲ್ಲಿ ಜನಪ್ರಿಯವಾಗಿ, ಹಕ್ಕಿಗಾಗಿ ಜಗಳವಾಗಬೇಕಾಯಿತು. 1985ರಲ್ಲಿ, 90 ದಾಟಿದ ಮೇಲೆ, ಗ್ರಾಮಿ ಪ್ರಶಸ್ತಿ. 1987ರಲ್ಲಿ ತೀರಿಕೊಂಡರು.

ಅದೇ ಸೀಮೆಯ ಎಟ್ಟಾ ಬೇಕರ್ ಒಂಬತ್ತು ಮಕ್ಕಳ ತಾಯಿ, ಜವಳಿ ಗಿರಣಿಯ ಕೆಲಸಗಾರ್ತಿ. 1956ರಲ್ಲೇ ರೆಕಾರ್ಡ್ ಒಂದರಲ್ಲಿ ಆಕೆಯ ಗಿಟಾರ್ ಕೇಳಿಸಿತ್ತು. ಆಕೆಯದೇ ಮೊದಲ ಆಲ್ಬಮ್ ಬಂದದ್ದು 1991ರಲ್ಲಿ.

ಇವರನ್ನು ನೆನೆದರೆ ಮೆಚ್ಚುಗೆಯ ಜೊತೆಗೆ ಸಂಕಟವೂ ಆಗುತ್ತದೆ. ಪ್ರಶಸ್ತಿಯೇನೋ ಬಂತು, ಆದರೆ ನುಡಿಸದೆ ಹೋದ ಆ ವರ್ಷಗಳ ಹಾಡುಗಳೆಲ್ಲಿ? ಅವನ್ನು ಯಾವ ರೆಕಾರ್ಡಿನಲ್ಲೂ ಕೇಳಲಾರೆವು. "ತಡವಾದರೇನಂತೆ" ಎಂದು ನಮ್ಮನ್ನು ನಾವೇ ಸಮಾಧಾನ ಮಾಡಿಕೊಳ್ಳುವುದು ಒಳ್ಳೆಯದೇ. ಆದರೆ ತಡವಾಗುವಂತೆ ಮಾಡಿದ್ದನ್ನು ಮರೆಯುವುದು ಬೇಡ.

ಕಾಟನ್ ನುಡಿಸುವುದನ್ನು ನೋಡುತ್ತಿದ್ದರೆ ಒಂದು ವಿಚಿತ್ರ ಕಾಣುತ್ತದೆ. ಗಿಟಾರ್ ತಲೆಕೆಳಗಾದ್ದರಿಂದ ತೆಳು ತಂತಿಗಳು ಹೆಬ್ಬೆರಳಿನ ಪಾಲಿಗೆ, ದಪ್ಪ ತಂತಿಗಳು ಮಿಕ್ಕ ಬೆರಳಿನ ಪಾಲಿಗೆ. ಎಲ್ಲರ ಕೈಯಲ್ಲಿ ಲಯ ಹೊರುವ ಹೆಬ್ಬೆರಳು ಆಕೆಯ ಕೈಯಲ್ಲಿ ಹಾಡುತ್ತದೆ. ಉಳಿದವು ಲಯ ಹೊರುತ್ತವೆ. ಮನೆಯ ಲಯವನ್ನು ಬೆಳಗಿನಿಂದ ರಾತ್ರಿಯವರೆಗೆ ಹೊತ್ತ ನಮ್ಮಂಥವರಿಗೆ ಇದನ್ನು ನೋಡುವುದೇ ಒಂದು ಸುಖ. ನನ್ನ ಹೆಬ್ಬೆರಳು ಸದ್ಯ ಐದು, ನಾಲ್ಕು ಎನ್ನುತ್ತಲೇ ಇದೆ. ಕುಕ್ಕರಿನ ಮೂರನೇ ಸೀಟಿಯವರೆಗೆ ಅದಕ್ಕೆ ಅಡ್ಡಿಯಿಲ್ಲ.